ಗಂಟಲು ಶುದ್ಧವಿದ್ದ ಆ ಮಳೆಗಾಲ

ಕಳೆದ ವಾರ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಮಂಗಳೂರಿನ ಕೊಟ್ಟಾರದ ಹತ್ತಿರದ ಒಂದು ಲ್ಯಾಬಿಗೆ ಹೋಗಿದ್ದೆ. ಒಳಗೆ ಎಲ್ಲವೂ ಎಸಿ, ಎಲ್ಲವೂ ಮೆಶಿನ್ನು. ನಾನು ಇಪ್ಪತ್ತೆಂಟು ವರ್ಷ ಮಾಡಿದ ಕೆಲಸವನ್ನು ಈಗ ಒಂದು ಬಿಳಿ ಪೆಟ್ಟಿಗೆ ಗುಂಯ್ ಎನ್ನುತ್ತಾ ಮಾಡುತ್ತಿತ್ತು. ಮಾಡಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಸೂಜಿ ಹಿಡಿದ ಹುಡುಗಿ ನನ್ನ ತೋಳಿಗೆ ಸ್ಪಿರಿಟಿನ ಹತ್ತಿ ಉಜ್ಜುತ್ತಾ ಕೇಳಿದಳು: “ಆಂಟಿ, ಮದ್ದು ಎಂತಾದ್ರೂ ತಗೊಂಡಿದ್ದೀರಾ?”

ಸ್ಪಿರಿಟಿನ ವಾಸನೆ, ಜೊತೆಗೆ ಆ ಪ್ರಶ್ನೆ. ಎರಡೂ ಒಟ್ಟಿಗೆ ಬಂದರೆ ನನ್ನ ಕೈ ಈಗಲೂ ತಣ್ಣಗಾಗುತ್ತದೆ. ಹುಡುಗಿ ನರ ಸಿಗದೆ ನಾಲ್ಕು ಸಲ ತಟ್ಟಿದಳು. ಅವಳ ತಪ್ಪಲ್ಲ. ನಾನಾಗಲೇ ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಹೋಗಿ ನಿಂತಿದ್ದೆ.

ಆಗ ನನಗೆ ಮೂವತ್ತೆರಡು. ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಶಿಯನ್. ಗಂಡ ಪಾಸ್ಕಲ್ ಬಹರೈನಿನಲ್ಲಿ. ಅವರು ಬರುವುದು ಎರಡು ವರ್ಷಕ್ಕೊಮ್ಮೆ, ಕಾಗದ ಬರುವುದು ಹದಿನೈದು ದಿನಕ್ಕೊಮ್ಮೆ. ಕದ್ರಿ ಗುಡ್ಡದ ಕೆಳಗಿನ ಹಂಚಿನ ಮನೆಯಲ್ಲಿ ನಾನು, ನನ್ನ ಅತ್ತೆ, ಎಂಟು ವರ್ಷದ ಮಗಳು ಲವೀನಾ. ಅತ್ತೆಯನ್ನು ನಾವು ಮಾಂಯ್ ಎನ್ನುತ್ತೇವೆ. ಮನೆಯೊಳಗೆ ನಮ್ಮದು ಕೊಂಕಣಿ, ಬೇಲಿಯಾಚೆ ತುಳು, ಆಸ್ಪತ್ರೆಯಲ್ಲಿ ಕನ್ನಡ. ಲವೀ ಮೂರನೇ ಕ್ಲಾಸು. ಅವಳ ಕಾಪಿ ಪುಸ್ತಕವನ್ನು ಟೀಚರು ಬೇರೆ ಕ್ಲಾಸಿಗೆ ತೋರಿಸಲು ಒಯ್ಯುತ್ತಿದ್ದರು. ಅಷ್ಟು ಚಂದದ ಅಕ್ಷರ. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ, ಅವಳ ಅಪ್ಪನದು ಅದಕ್ಕಿಂತ ಕಡೆ. ಹಾಗಾಗಿ ಆ ಪುಸ್ತಕದ ಮೇಲೆ ನನಗೆ ಸ್ವಲ್ಪ ಗರ್ವವೇ ಇತ್ತು.

ಲ್ಯಾಬಿನಲ್ಲಿ ನಾವು ಮೂವರು: ರೈ ಡಾಕ್ಟ್ರು, ನಾನು ಮತ್ತು ಒಂದು ಕುರಿ. ಗಂಟಲಿನ ರೋಗಾಣು ಬೆಳೆಸಲು ಕುರಿಯ ರಕ್ತ ಬೆರೆಸಿದ ಪ್ಲೇಟು ಬೇಕು, ಅದಕ್ಕಾಗಿ ಹಿತ್ತಲಿನ ಶೆಡ್ಡಿನಲ್ಲಿ ಕುರಿ. ಮಂಗಳೂರಿನ ಮಳೆ ಕುರಿಗೆ ಆಗಿಬರುವುದಿಲ್ಲ. ಜೂನ್ ಬಂತೆಂದರೆ ಅದು ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ಗಂಟಲಿಗೆ ಹತ್ತಿಯ ಕಡ್ಡಿ ಹಾಕುವ ಮೊದಲು ಪ್ರತಿಯೊಬ್ಬರಿಗೂ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಮದ್ದು ತೆಗೆದುಕೊಂಡಿದ್ದೀರಾ? ಎರಡು ಮಾತ್ರೆ ನುಂಗಿ ಬಂದರೂ ಸಾಕು, ರೋಗಾಣು ಅಡಗಿ ಕೂರುತ್ತದೆ, ಪ್ಲೇಟಿನಲ್ಲಿ ಬೆಳೆಯುವುದಿಲ್ಲ, ರಿಪೋರ್ಟು ಸುಳ್ಳಾಗುತ್ತದೆ. ಮಾತ್ರೆ ನುಂಗಿಯೂ ಇಲ್ಲ ಎನ್ನುವವರು ಸಿಕ್ಕಿಬಿದ್ದರೆ ನಾನು ಬಿಡುತ್ತಿರಲಿಲ್ಲ. “ಡಾಕ್ಟರ ಹತ್ತಿರ ಸುಳ್ಳು ಹೇಳಿದ್ರೆ ನಷ್ಟ ಯಾರಿಗೆ? ನಿಮಗೇ ಅಲ್ವಾ?” ಎಂದು ವರಾಂಡದಲ್ಲಿ ಎಲ್ಲರೂ ಕೇಳುವ ಹಾಗೆ ಬೈಯುತ್ತಿದ್ದೆ. ನನ್ನ ಬಾಯಿಗೆ ಆಸ್ಪತ್ರೆಯಲ್ಲಿ ಹೆಸರಿತ್ತು.

ಜುಲೈ ಮೊದಲ ವಾರ ಲವೀಗೆ ಗಂಟಲು ನೋವು, ಜ್ವರ. ಬಾಯಿ ತೆರೆಸಿ ನೋಡಿದೆ, ಕೆಂಪು. ಡಾಕ್ಟರಿಗೆ ತೋರಿಸುವುದೇನು, ನನಗೇ ಗೊತ್ತಲ್ಲ! ಕಂಪೆನಿಯವರು ಬಿಟ್ಟುಹೋಗುವ ಸ್ಯಾಂಪಲ್ ಮಾತ್ರೆಗಳು ಓಪಿಡಿಯ ಕಪಾಟಿನಲ್ಲಿ ಇರುತ್ತಿದ್ದವು. ನಾವೆಲ್ಲ ಬೇಕಾದಾಗ ತೆಗೆಯುತ್ತಿದ್ದೆವು, ಕೇಳುವ ಕ್ರಮವಿರಲಿಲ್ಲ. ಪೆನ್ಸಿಲಿನ್ ತಂದು ಕೊಟ್ಟೆ. ಹತ್ತು ದಿನ ಕೊಡಬೇಕಾದ್ದು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಹುಡುಗಿ ಕಹಿ ಎಂದು ಅತ್ತಳು, ನಾನು ನಿಲ್ಲಿಸಿದೆ. ಉಳಿದ ಮಾತ್ರೆಗಳನ್ನು ಬಿಸ್ಕೂಟಿನ ಡಬ್ಬದಲ್ಲಿ ಹಾಕಿಟ್ಟೆ. ಮುಂದಿನ ಸಲಕ್ಕೆ ಆಗುತ್ತದೆ ಎಂಬ ಲೆಕ್ಕಾಚಾರ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇಂಥ ಬುದ್ಧಿ ಬರುತ್ತದೆ, ಅರ್ಧ ಡಾಕ್ಟರಾಗಿರುವುದರ ಸುಖ ಅದು.

ಎರಡು ವಾರ ಕಳೆದು ಒಂದು ಶುಕ್ರವಾರ. ಬೆಳಗ್ಗೆ ಶಾಲೆಗೆ ಹೋದ ಮಗಳು ಬೇರೆ, ಸಂಜೆ ಬಂದವಳು ಬೇರೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಯಾರೂ ನಂಬುವುದಿಲ್ಲ. ನಿಧಾನಕ್ಕೆ ಆದದ್ದಿರಬೇಕು, ನೀವು ಗಮನಿಸಿಲ್ಲ ಎನ್ನುತ್ತಾರೆ. ಇಲ್ಲ. ಬೆಳಗ್ಗೆ ಜಡೆ ಹಾಕಿಸಿಕೊಳ್ಳುವಾಗ ರಿಬ್ಬನ್ನಿಗಾಗಿ ಜಗಳವಾಡಿದ್ದಳು. ಸಂಜೆ ಮಾಂಯ್ ಗಂಜಿ ಬಡಿಸಿದರೆ ಬಟ್ಟಲನ್ನು ದೂರ ತಳ್ಳಿ ಗೋಡೆಗೆ ಆತು ನಿಂತಳು.

“ಇದರಲ್ಲಿ ಗಾಜುಂಟು ಮಮ್ಮಿ.”

“ಎಂಥ ಗಾಜು? ಕೂತು ಉಣ್ಣು.”

“ಉಂಟು. ನುಂಗಿದ್ರೆ ನಾನು ಸಾಯ್ತೇನೆ.”

ಅವಳ ಕಣ್ಣು ನೋಡಿದೆ. ಹಠದ ಕಣ್ಣಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಮಕ್ಕಳ ಕಣ್ಣು ಹೇಗಿರುತ್ತದೋ ಹಾಗಿತ್ತು. ಅಂದು ಏನನ್ನೂ ತಿನ್ನಲಿಲ್ಲ. ಶನಿವಾರ ಬಚ್ಚಲಿಗೆ ಹೋದವಳು ಹೊರಗೆ ಬರಲಿಲ್ಲ. ಕೈ ತೊಳೆಯುತ್ತಿದ್ದಳು, ಮತ್ತೆ ತೊಳೆಯುತ್ತಿದ್ದಳು, ಬೆರಳ ತುದಿ ಬಿಳಚಿ ಸುಕ್ಕಾಗುವವರೆಗೆ. ಎಳೆದು ತಂದರೆ ಮೇರಿಮಾತೆಯ ಚಿತ್ರದ ಮುಂದೆ ನಿಂತು “ತಪ್ಪಾಯ್ತು” ಎನ್ನುತ್ತಾಳೆ, ಸರಿಯಾಗಿ ಹೇಳಲಿಲ್ಲ ಎಂದು ಮೊದಲಿನಿಂದ ಶುರುಮಾಡುತ್ತಾಳೆ. ಭಾನುವಾರ ಚರ್ಚಿನ ಪೂಜೆಯಲ್ಲಿ ಅವಳ ಎಡಗೈ ಬೆರಳುಗಳು ತಾವಾಗಿಯೇ ಕುಣಿಯುವುದನ್ನು ಕಂಡೆ. ಮುಖವೂ ಆಗಾಗ ಒಂದು ಬದಿಗೆ ಸೊಟ್ಟಗಾಗುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು, ಮಗು ತನ್ನನ್ನು ಅಣಕಿಸುತ್ತಿದೆಯೆಂದು ತಿಳಿದು ತೊಡೆಗೆ ಚಿವುಟಿದಳು. ಮಗು ಅಳಲೂ ಇಲ್ಲ.

ನನಗೆ ಮೊದಲು ಹೊಳೆದದ್ದು ನನ್ನದೇ ಮಾತು. ಲ್ಯಾಬಿನಲ್ಲಿ ದಿನಕ್ಕೆ ಒಂದಾದರೂ ಗಾಜಿನ ಟ್ಯೂಬು ಒಡೆಯುತ್ತದೆ. ಮನೆಗೆ ಬಂದ ಕೂಡಲೇ ಲವೀ ಓಡಿಬಂದು ಸೊಂಟ ಹಿಡಿಯುವಳು. “ಸೀರೆ ಬದಲಿಸುವವರೆಗೆ ಮುಟ್ಬೇಡ, ಗಾಜಿನ ಚೂರು ಇರ್ತದೆ” ಎಂದು ನಾನೇ ಎಷ್ಟೋ ಸಲ ದೂಡಿದ್ದೆ. ಈ ಗಾಜು ಅವಳ ತಲೆಗೆ ನನ್ನಿಂದಲೇ ಹೋದದ್ದು ಎಂದುಕೊಂಡೆ. ಇನ್ನೊಂದು ಕಡೆ, ಅವಳ ಗಂಟಲು ಮತ್ತೆ ಸ್ವಲ್ಪ ಕೆಂಪಾಗಿತ್ತು. ಹೆದರಿದವರಿಗೆ ಕೈಗೆ ಸಿಕ್ಕಿದ್ದೇ ಹಗ್ಗ. ಡಬ್ಬದಲ್ಲಿದ್ದ ಮಾತ್ರೆಗಳನ್ನು ಪುಡಿ ಮಾಡಿ, ಸಕ್ಕರೆ ನೀರಿನಲ್ಲಿ ಕಲಸಿ, ಮೂಗು ಹಿಡಿದು ಕುಡಿಸಿದೆ. ಶನಿವಾರ, ಭಾನುವಾರ, ಸೋಮವಾರ. ಮಾಂಯ್‌ಗೂ ಹೇಳಲಿಲ್ಲ.

ಮಂಗಳವಾರ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ಎಲ್ಲ ನೋಡಿ, ಗಂಟಲಿನ ಪರೀಕ್ಷೆ ಆಗಲಿ ಎಂದು ಚೀಟಿ ಬರೆದರು. ಆ ಚೀಟಿ ಬಂದದ್ದು ನನ್ನದೇ ಮೇಜಿಗೆ. ನನ್ನ ಮಗಳ ಬಾಯಿಗೆ ನಾನೇ ಹತ್ತಿಯ ಕಡ್ಡಿ ಹಾಕಿದೆ. ಚೀಟಿಯಲ್ಲಿ ಒಂದು ಸಾಲು ಇತ್ತು: ಹಿಂದೆ ಮದ್ದು ತೆಗೆದುಕೊಂಡಿದೆಯೇ? ಪೆನ್ನು ಹಿಡಿದು ಕೂತೆ. ಹೌದೆಂದು ಬರೆದರೆ, ಯಾರು ಕೊಟ್ಟದ್ದು, ಎಲ್ಲಿಂದ ಬಂದದ್ದು, ಹತ್ತು ದಿನದ್ದನ್ನು ಮೂರಕ್ಕೆ ನಿಲ್ಲಿಸಿದ್ದು ಯಾರು, ಎಲ್ಲ ಹೊರಗೆ ಬರುತ್ತಿತ್ತು. ವರಾಂಡದಲ್ಲಿ ಊರಿಗೇ ಬೈಯುವ ಸಿಸಿಲಿ ಬಾಯಿ ನಾನು! “ಇಲ್ಲ” ಎಂದು ಬರೆದೆ. ಗೇಣುದ್ದದ ಆ ಕಾಗದದಲ್ಲಿ ಅದೊಂದೇ ಶಬ್ದ ನನ್ನ ಅಕ್ಷರದಲ್ಲಿ ಚೆನ್ನಾಗಿ ಬಂದಿತ್ತು.

ಎರಡು ದಿನ ಕಳೆದು ಪ್ಲೇಟು ನೋಡಿದರೆ ರೋಗಾಣುವಿನ ಹೆಸರಿಲ್ಲ. ಶುದ್ಧ. ಬೇರೆಯವರ ಮಗುವಾಗಿದ್ದರೆ ಒಳ್ಳೆಯ ಸುದ್ದಿ ಎನ್ನುತ್ತಿದ್ದೆ.

ಗಂಟಲು ಶುದ್ಧವೆಂದ ಮೇಲೆ ಶರೀರದ ಬಾಗಿಲು ಮುಚ್ಚಿತು, ಮನಸ್ಸಿನ ಬಾಗಿಲು ತೆರೆಯಿತು. ನಮ್ಮನ್ನು ಮನೋರೋಗದ ಡಾಕ್ಟರ ಹತ್ತಿರ ಕಳಿಸಿದರು. ಅವರು ಕೆಟ್ಟವರಲ್ಲ, ಸಮಾಧಾನದ ಮನುಷ್ಯ. ಲವೀಯನ್ನು ಹೊರಗೆ ಕೂರಿಸಿ ನನ್ನ ಹತ್ತಿರ ಮಾತಾಡಿದರು.

“ತಂದೆ ಊರಲ್ಲಿಲ್ಲ. ನೀವು ಕೆಲಸಕ್ಕೆ ಹೋಗ್ತೀರಿ. ಮಗುವಿನ ಮನಸ್ಸು ಒಂದೊಂದು ಸಲ ಹೀಗೆ ದಾರಿ ಮಾಡಿಕೊಳ್ತದೆ. ಶರೀರದಲ್ಲಿ ಎಂತ ತೊಂದರೆ ಇಲ್ಲ ಅಂತ ರಿಪೋರ್ಟು ಉಂಟಲ್ಲ.”

“ಬೆರಳು ಕುಣಿತದಲ್ಲ ಡಾಕ್ಟ್ರೇ?”

“ಅದೂ ಅದರದ್ದೇ ಭಾಗ. ಸೋಮವಾರ ಅಡ್ಮಿಟ್ ಮಾಡುವ. ಊಟ ಪೂರ್ತಿ ಬಿಟ್ಟರೆ ಒಂದೆರಡು ಸಲ ಕರೆಂಟ್ ಕೊಡಬೇಕಾದೀತು. ಹೆದರ್ಬೇಡಿ.”

ಎಂಟು ವರ್ಷದ ತಲೆಗೆ ಕರೆಂಟು. ಆ ವಾರ್ಡಿಗೆ ನಾನು ಎಷ್ಟೋ ಸಲ ರಕ್ತ ತೆಗೆಯಲು ಹೋಗಿದ್ದೆ. ಹಲ್ಲಿನ ನಡುವೆ ಇಡುವ ರಬ್ಬರು, ಕಾಲು ಹಿಡಿಯುವ ನಾಲ್ಕು ಜನ, ಎಲ್ಲ ನೋಡಿದ್ದೆ. ಅದು ಕೆಲವರಿಗೆ ಗುಣ ಕೊಟ್ಟದ್ದನ್ನೂ ನೋಡಿದ್ದೆ. ಆದರೆ ಆ ಹಾಸಿಗೆಯ ಮೇಲೆ ಎರಡು ಜಡೆಯ ಲವೀಯನ್ನು ಇಟ್ಟು ನೋಡಲು ನನ್ನಿಂದಾಗಲಿಲ್ಲ. ಅವತ್ತು ಬುಧವಾರವೂ ದಾಟಿ ಗುರುವಾರ. ಸೋಮವಾರಕ್ಕೆ ನಾಲ್ಕು ದಿನ.

ಮನೆಯಲ್ಲಿ ಮಾಂಯ್ ತಮ್ಮದೇ ಚಿಕಿತ್ಸೆ ಶುರುಮಾಡಿದ್ದರು. ಹರಕೆ ಹೊತ್ತರು, ತೀರ್ಥ ಚಿಮುಕಿಸಿದರು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ನಾನು ಮೊದಲಾಗಿದ್ದರೆ ನಗುತ್ತಿದ್ದೆ. ಆದರೆ ಆ ಮಗುವಿನ ಹೊಟ್ಟೆಗೆ ಅಷ್ಟಿಷ್ಟಾದರೂ ಸೇರಿದ್ದರೆ ಅದು ಮಾಂಯ್‌ನಿಂದಲೇ. ಅವಳ ಕಣ್ಣೆದುರೇ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸುತ್ತಿದ್ದರು, ಬಟ್ಟೆಯನ್ನು ಕೊಡವಿ ತೋರಿಸುತ್ತಿದ್ದರು, ಮತ್ತೆ ಸೋಸುತ್ತಿದ್ದರು. ಆಮೇಲೆ ಮೊದಲ ಗುಟುಕು ತಾವು ಕುಡಿದು ನಾಲಗೆ ಚಾಚುವರು. ಒಂದು ಬಟ್ಟಲಿಗೆ ಒಂದೂವರೆ ಗಂಟೆ. ಎಪ್ಪತ್ತು ವರ್ಷದ ಮುದುಕಿ ಒಂದು ಸಲವೂ ಗದರಲಿಲ್ಲ. “ಇವಳಿಗೆ ಹುಚ್ಚಲ್ಲ ಸಿಸಿಲಿ. ಹುಚ್ಚಾದವಳು ಹೀಗೆ ಹೆದರುವುದಿಲ್ಲ” ಎಂದರು ನನಗೆ. ಪಾಸ್ಕಲ್‌ಗೆ ಕಾಗದ ಬರೆಯಲು ಕೂತೆ. “ಇಲ್ಲಿ ಎಲ್ಲರೂ ಕ್ಷೇಮ” ಎನ್ನುವುದರಿಂದ ಮುಂದೆ ಹೋಗಲಾಗದೆ ಹರಿದೆ.

ಶುಕ್ರವಾರ ಬೆಳಗ್ಗೆ ಲ್ಯಾಬಿನಲ್ಲಿ ನನ್ನ ಕೈಯಿಂದ ಪ್ಲೇಟುಗಳ ಒಂದು ಅಟ್ಟಿಯೇ ಜಾರಿ ಬಿತ್ತು. ಕುರಿಯ ರಕ್ತ ನೆಲದ ತುಂಬ. ರೈ ಡಾಕ್ಟ್ರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು. ಅವರು ಬಂಟ ಸಮುದಾಯದವರು, ಹೆಚ್ಚು ಮಾತಿಲ್ಲದವರು, ನಿವೃತ್ತಿಗೆ ಎರಡು ವರ್ಷ ಇತ್ತು.

“ಎಂತ ಆಯ್ತು ಸಿಸಿಲಿ?”

“ಡಾಕ್ಟ್ರೇ, ಆ ಗಂಟಲಿನ ಚೀಟಿಯಲ್ಲಿ ನಾನು ಬರೆದದ್ದು ಸುಳ್ಳು.”

ನೆಲದಲ್ಲೇ ಕೂತು ಎಲ್ಲ ಹೇಳಿದೆ. ಕಪಾಟು, ಮೂರು ದಿನ, ಡಬ್ಬ, ಮತ್ತೆ ಮೂರು ದಿನ. ಅವರು ಕನ್ನಡಕ ತೆಗೆದು ಒರೆಸಿದರು, ಇನ್ನೊಮ್ಮೆ ಒರೆಸಿದರು.

“ದಿನಕ್ಕೆ ನಲವತ್ತು ಜನರ ಹತ್ತಿರ ಕೇಳ್ತಿಯಲ್ಲ ಮಾರಾಯ್ತಿ. ನಿನ್ನ ಹತ್ತಿರ ಕೇಳ್ಲಿಕ್ಕೆ ಇನ್ನೊಬ್ಬರು ಬೇಕಿತ್ತಾ?”

ಆ ಒಂದು ಮಾತು, ಅಷ್ಟೇ. ಮತ್ತೆ ಯಾವತ್ತೂ ಅದನ್ನು ಎತ್ತಲಿಲ್ಲ. ಎದ್ದು ಕಪಾಟಿನಿಂದ ಗೆದ್ದಲು ಹಿಡಿದ ಒಂದು ದಪ್ಪ ಪುಸ್ತಕ ತೆಗೆದರು. ಗಂಟಲು ನೋವು ಬಂದುಹೋದ ಮೇಲೆ ಕೆಲವು ಮಕ್ಕಳಿಗೆ ಕೈಕಾಲು ತಾವಾಗಿ ಕುಣಿಯುವ ಕಾಯಿಲೆ ಬರುತ್ತದೆ, ಕೊರಿಯಾ ಎಂದು ಅದರ ಹೆಸರು, ಅದು ನನಗೂ ಗೊತ್ತಿತ್ತು. ಆದರೆ ಕೆಲವರಲ್ಲಿ ಕೈ ಕುಣಿಯುವ ಮೊದಲು ಮನಸ್ಸು ಕುಣಿಯುತ್ತದೆ, ಇದ್ದಕ್ಕಿದ್ದ ಹಾಗೆ ಭಯ, ಅಳು, ಹೇಳಿದ್ದನ್ನೇ ಹೇಳುವುದು ಶುರುವಾಗುತ್ತದೆ ಎಂದು ಹಳೆಯ ಡಾಕ್ಟರುಗಳು ಬರೆದಿಟ್ಟಿದ್ದರಂತೆ. ಅದನ್ನು ಅವರು ನಿಂತೇ ಓದಿ ನನಗೆ ತಿಳಿಸಿದರು.

“ಹಾಗಾದ್ರೆ ಇದು ಅದೇನಾ ಡಾಕ್ಟ್ರೇ?”

“ಗೊತ್ತಿಲ್ಲ. ಗಂಟಲಿನ ರಿಪೋರ್ಟನ್ನು ನೀನು ಹಾಳುಮಾಡಿದ್ದಿ. ಕಳ್ಳ ಓಡಿದ್ದಾನೆ. ಅವನಿಗೆ ಹೊಡೆದ ದೊಣ್ಣೆ ಮನೆಯಲ್ಲಿ ಉಂಟಾ ನೋಡುವ.”

ದೊಣ್ಣೆ ಎಂದರೆ ಇಷ್ಟು. ಈ ರೋಗಾಣು ಒಂದು ವಿಷ ಬಿಡುತ್ತದೆ, ಆ ವಿಷ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಶರೀರ ಅದಕ್ಕೆ ಎದುರಾಗಿ ಒಂದು ತಡೆಯನ್ನು ಹುಟ್ಟಿಸುತ್ತದೆ. ರೋಗಾಣು ಹೋದರೂ ತಡೆ ಕೆಲವು ವಾರ ರಕ್ತದಲ್ಲಿ ಉಳಿಯುತ್ತದೆ. ಅದನ್ನು ಅಳೆಯಬಹುದು. ಆದರೆ ಅದಕ್ಕೆ ಬೇಕಾದ ವಿಷದ ಪುಡಿ ನಮ್ಮಲ್ಲಿರಲಿಲ್ಲ. ತಿಂಗಳ ಹಿಂದೆ ಮದ್ರಾಸಿಗೆ ಬರೆದದ್ದು ಥರ್ಮಾಸಿನಲ್ಲಿ ಐಸಿಟ್ಟು ರೈಲಿನಲ್ಲಿ ಬರುವುದಿತ್ತು, ಶನಿವಾರ ಬೆಳಗ್ಗೆ. ಒಂದೇ ಒಂದು ಸೀಸೆ. “ಇನ್ನೊಂದು ಮಾತು,” ಎಂದರು ರೈ ಡಾಕ್ಟ್ರು, “ಮೊದಲ ಸಲ ನೀನು ಕೊಟ್ಟ ಮೂರು ದಿನದ ಮಾತ್ರೆ ಈ ಗುರುತನ್ನೂ ಅರ್ಧ ಅಳಿಸಿರಬಹುದು. ಆಸೆ ಇಟ್ಟುಕೊಳ್ಬೇಡ.” ಆಸೆ ಇಟ್ಟುಕೊಳ್ಳದೆ ಶನಿವಾರದವರೆಗೆ ಉಸಿರಾಡುವುದು ಹೇಗೆಂದು ಅವರು ಹೇಳಲಿಲ್ಲ.

ಮಳೆ ಜಡಿಯುತ್ತಿತ್ತು. ಎಲ್ಲೋ ಹಳಿಯ ಮೇಲೆ ಮಣ್ಣು ಬಿದ್ದು ರೈಲು ತಡವಾಯಿತು. ಸೀಸೆ ಲ್ಯಾಬಿಗೆ ಬಂದಾಗ ಶನಿವಾರ ಮಧ್ಯಾಹ್ನ ಒಂದೂವರೆ, ಐಸೆಲ್ಲ ನೀರಾಗಿತ್ತು. ಪುಡಿ ಕೆಟ್ಟಿದೆಯೋ ಇಲ್ಲವೋ ಹಾಕಿದ ಮೇಲೆಯೇ ಗೊತ್ತಾಗಬೇಕು. ಆ ಪರೀಕ್ಷೆ ಮಾಡಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಸ್ವಂತದವರ ರಕ್ತವನ್ನು ಸ್ವಂತದವರು ನೋಡಬಾರದೆಂಬುದು ರೈ ಡಾಕ್ಟ್ರ ನಿಯಮ. ಅದಕ್ಕೆ ಅವರೊಂದು ಉಪಾಯ ಮಾಡಿದರು. ಲವೀಯ ರಕ್ತದ ಜೊತೆಗೆ ಆ ವಾರ ಬೇರೆ ಬೇರೆ ಪರೀಕ್ಷೆಗೆ ಬಂದ ನಾಲ್ಕು ಮಕ್ಕಳ ರಕ್ತವನ್ನೂ ಸೇರಿಸಿ, ಹೆಸರಿನ ಮೇಲೆ ಪಟ್ಟಿ ಅಂಟಿಸಿ, ಒಂದರಿಂದ ಐದು ನಂಬರು ಬರೆದರು. ಯಾವುದು ಯಾರದೆಂಬ ಚೀಟಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. “ತಾಯಿಯ ಕಣ್ಣು ಬೇಕಾದ್ದನ್ನು ಓದ್ತದೆ. ನೀನು ನಂಬರು ಓದು” ಎಂದರು.

ಪರೀಕ್ಷೆಗೆ ಓ ಗುಂಪಿನ ಕೆಂಪು ಕಣ ಬೇಕು. ನನ್ನದು ಓ ಗುಂಪು. ನನ್ನ ತೋಳಿನಿಂದಲೇ ತೆಗೆದೆವು. ಒಂದೊಂದು ನಂಬರಿಗೆ ಹತ್ತು ಟ್ಯೂಬಿನ ಸಾಲು. ಮೊದಲ ಟ್ಯೂಬಿನಿಂದ ಹತ್ತನೆಯದಕ್ಕೆ ಹೋಗುತ್ತಾ ಮಗುವಿನ ರಕ್ತದ ನೀರು ತೆಳುವಾಗುತ್ತಾ ಹೋಗುತ್ತದೆ. ಎಲ್ಲಕ್ಕೂ ವಿಷ ಹಾಕಿ, ಮೇಲೆ ನನ್ನ ಕಣ ಹಾಕಿ, ಮೈ ಬಿಸಿಯಷ್ಟೇ ಬಿಸಿ ನೀರಿನಲ್ಲಿ ಮುಕ್ಕಾಲು ಗಂಟೆ ಇಡಬೇಕು. ತಡೆ ಇಲ್ಲದ ಕಡೆ ಕಣ ಒಡೆದು ಟ್ಯೂಬು ಪೂರ್ತಿ ಕೆಂಪು ಶರಬತ್ತಾಗುತ್ತದೆ. ತಡೆ ಇದ್ದರೆ ಕಣಗಳು ಒಡೆಯದೆ ತಳದಲ್ಲಿ ಕೂರುತ್ತವೆ, ಮೇಲೆ ತಿಳಿನೀರು. ತಿಳಿನೀರು ಎಷ್ಟನೇ ಟ್ಯೂಬಿನವರೆಗೆ ಹೋಗುತ್ತದೋ ಅಷ್ಟು ತಡೆ ಹೆಚ್ಚು.

ಇಟ್ಟು ಹತ್ತು ನಿಮಿಷ ಆಗಿತ್ತು, ಕರೆಂಟು ಹೋಯಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ರೈ ಡಾಕ್ಟ್ರು ಶರ್ಟಿನ ತೋಳು ಮಡಚಿ, ಸಿರಿಂಜು ಕುದಿಸುವ ಸೀಮೆಎಣ್ಣೆ ಸ್ಟವ್ವಿಗೆ ಗಾಳಿ ಹಾಕಿದರು. ನಾನು ಥರ್ಮಾಮೀಟರು ಹಿಡಿದು ಕೂತೆ. “ಇಳಿತಾ ಉಂಟು” ಎಂದಾಗಲೆಲ್ಲ ಅವರು ಲೋಟದಲ್ಲಿ ಬಿಸಿನೀರು ತಂದು ಮೂಲೆಯಿಂದ ಮೆಲ್ಲಗೆ ಹೊಯ್ಯುವರು. “ಸಾಕು” ಎಂದರೆ ನಿಲ್ಲಿಸುವರು. ಮೂವತ್ತೈದು ನಿಮಿಷ ಹೀಗೆ. ಹೊರಗೆ ಕುರಿ ಕೂಗುತ್ತಿತ್ತು. ನಾನು ಬಾಯಲ್ಲಿ ಡಿಗ್ರಿ ಹೇಳುತ್ತಾ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ: ದೇವರೇ, ನನ್ನ ಮಗಳ ರಕ್ತದಲ್ಲಿ ಕೇಡು ಇರಲಿ. ಯಾವ ತಾಯಿಯಾದರೂ ಇಂಥದ್ದನ್ನು ಬೇಡಿಯಾಳೇ? ನಾನು ಬೇಡಿದೆ. ಕೇಡು ಇದ್ದರೆ ಅದಕ್ಕೊಂದು ಹೆಸರಿತ್ತು, ಮದ್ದಿತ್ತು. ಇಲ್ಲದಿದ್ದರೆ ಸೋಮವಾರವಿತ್ತು.

ಕಿಟಕಿಯ ಬೆಳಕು ಸಾಲದೆ ಟಾರ್ಚು ಹಿಡಿದು ಓದಿದೆ. ಒಂದನೇ ನಂಬರು ಮೂರನೇ ಟ್ಯೂಬಿಗೇ ಕೆಂಪು. ಪುಡಿ ಕೆಟ್ಟಿಲ್ಲ ಎಂದು ಗೊತ್ತಾಯಿತು. ಎರಡು: ಎಂಟನೇ ಟ್ಯೂಬಿನವರೆಗೂ ತಿಳಿನೀರು. ಇದೇ ಇರಬೇಕು, ಇದೇ ನನ್ನ ಲವೀ. ಮೂರು ಮತ್ತು ನಾಲ್ಕು, ಬೇಗನೇ ಕೆಂಪು. ಐದು: ಆರನೆಯದರವರೆಗೆ ತಿಳಿ, ಏಳನೆಯದು... ಏಳನೆಯದರಲ್ಲಿ ಒಂದು ಚೂರು ಗುಲಾಬಿ ಬಣ್ಣ. ಏಳು ಎಂದು ಹೇಳುವ ಆಸೆ ಗಂಟಲಿನವರೆಗೆ ಬಂತು. “ಆರು” ಎಂದೆ. ಒಂದು ಸುಳ್ಳು ಸಾಕಾಗಿತ್ತು ಆ ವರ್ಷಕ್ಕೆ.

ರೈ ಡಾಕ್ಟ್ರು ಚೀಟಿ ಬಿಚ್ಚಿದರು. “ಎರಡು ನಿನ್ನದಲ್ಲ.”

ಸ್ಟೂಲು ಎಲ್ಲಿದೆ ಎಂದು ಕೈಯಲ್ಲಿ ತಡಕಿದೆ.

“ಐದು ನಿನ್ನದು. ಆರೂ ಹೆಚ್ಚೇ ಮಾರಾಯ್ತಿ. ಸಾಕು ಇದು, ತೋರಿಸ್ಲಿಕ್ಕೆ.”

ನಾನು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಕೇಳಿದೆ, ಹಾಗಾದರೆ ಎರಡು ಯಾರು? ಬಂದರಿನ ಒಂದು ಹುಡುಗಿ, ಜ್ವರವೆಂದು ಬಂದದ್ದು, ಈಗ ಏನೂ ಇಲ್ಲದೆ ಆಡಿಕೊಂಡಿದೆ ಎಂದರು. “ಅದಕ್ಕೇ ಹೇಳುದು. ಇದು ಸಾಕ್ಷಿ ಅಷ್ಟೇ, ತೀರ್ಪು ಅಲ್ಲ. ರೋಗಾಣು ಬಂದಿತ್ತು ಅಂತ ಹೇಳ್ತದೆ. ಅದೇ ಇವಳನ್ನು ಹೀಗೆ ಮಾಡಿದ್ದು ಅಂತ ಹೇಳುದಿಲ್ಲ.” ಹಾಗೆ ಹೇಳಿದವರು, ಅದೇ ಕಾಗದ ಹಿಡಿದು, ಕೊಡೆ ಬಿಚ್ಚಿ, ಮನೋರೋಗದ ಡಾಕ್ಟರ ಮನೆಗೆ ತಾವೇ ನಡೆದರು. ಆ ಡಾಕ್ಟರೂ ದೊಡ್ಡ ಮನಸ್ಸಿನವರು. ಸೋಮವಾರವನ್ನು ಮೂರು ವಾರ ಮುಂದೆ ಹಾಕಿದರು. ಪೆನ್ಸಿಲಿನ್ ಚುಚ್ಚುಮದ್ದು, ಕೈಕಾಲು ಶಾಂತವಾಗಲು ಸ್ವಲ್ಪ ಮದ್ದು, ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ.

ಲವೀ ಸುಧಾರಿಸಿದಳು. ಬೇಗನೆ ಅಲ್ಲ. ಮೂರು ವಾರ ಮುಗಿಯುವಾಗ ಗಂಜಿ ಒಂದೇ ಸಲ ಸೋಸಿದರೆ ಸಾಕೆಂದಳು. ಅಷ್ಟಕ್ಕೇ ಆ ಸೋಮವಾರ ರದ್ದಾಯಿತು. ಕ್ರಿಸ್ಮಸ್ಸಿನ ಹೊತ್ತಿಗೆ ಬೆರಳುಗಳು ನಿಂತವು. ಅಕ್ಷರ ಮಾತ್ರ ಮೊದಲಿನ ಹಾಗೆ ಬರಲೇ ಇಲ್ಲ. ರೋಗಾಣು ಮರಳಿ ಬಂದು ಹೃದಯಕ್ಕೆ ತೊಂದರೆಯಾಗದಂತೆ ಹದಿನೆಂಟು ತುಂಬುವವರೆಗೆ ಮೂರು ವಾರಕ್ಕೊಮ್ಮೆ ಚುಚ್ಚುಮದ್ದು ಹಾಕಿಸಿಕೊಂಡಳು, ಅದನ್ನು ಒಂದು ಸಲವೂ ನಾನು ತಪ್ಪಿಸಲಿಲ್ಲ. ಈಗ ಅವಳಿಗೆ ಬೆಳೆದ ಮಕ್ಕಳಿದ್ದಾರೆ. ಆ ದಿನಗಳ ನೆನಪು ಅವಳಿಗೆ ಅಷ್ಟಾಗಿ ಇಲ್ಲ. ಬೆಳಗಾಗುವುದರೊಳಗೆ ಮಕ್ಕಳನ್ನು ಹಿಡಿಯುವ ಇಂಥ ಕಾಯಿಲೆಗೆ ರಕ್ತದಲ್ಲಿ ಖಚಿತವಾದ ಗುರುತನ್ನು ಈಗಲೂ ಹುಡುಕುತ್ತಲೇ ಇದ್ದಾರೆಂದು ಪೇಪರಿನಲ್ಲಿ ಓದಿದೆ. ಹುಡುಕಲಿ. ನಮ್ಮದು ಗುರುತಲ್ಲ, ಒಂದು ಅದೃಷ್ಟ.

ಆದರೆ ಎರಡನೇ ನಂಬರು ನನ್ನನ್ನು ಬಿಡಲಿಲ್ಲ. ನನ್ನ ಮಗಳಿಗಿಂತ ಹೆಚ್ಚು ಕೇಡು ಆ ಮಗುವಿನ ರಕ್ತದಲ್ಲಿತ್ತು. ಇಂದಿಲ್ಲದಿದ್ದರೆ ನಾಳೆ, ಒಂದು ಸಂಜೆ, ಆ ಮನೆಯಲ್ಲೂ ಬಟ್ಟಲು ದೂರ ತಳ್ಳುವ ಒಂದು ಕೈ. ರೈ ಡಾಕ್ಟ್ರು ಆ ಹುಡುಗಿಯ ಅಪ್ಪನಿಗೆ ಕಾಗದ ಹಾಕಿಸಿದ್ದರು, ಉತ್ತರ ಬಂದಿರಲಿಲ್ಲ. ಪರೀಕ್ಷೆಯ ಆ ಶನಿವಾರದಿಂದ ಎರಡು ವಾರ ತಡೆದು, ತಡೆಯಲಾಗದೆ, ಯಾರಿಗೂ ಹೇಳದೆ ರಿಜಿಸ್ಟರಿನಲ್ಲಿ ವಿಳಾಸ ನೋಡಿಕೊಂಡು ಬಂದರಿಗೆ ಹೋದೆ. ಒಣಮೀನಿನ ಗೋದಾಮುಗಳ ಹಿಂದಿನ ಓಣಿಯಲ್ಲಿ ಒಂದು ಬ್ಯಾರಿ ಮುಸ್ಲಿಮರ ಮನೆ. ಹುಡುಗಿಯ ತಾಯಿ ಖದೀಜಮ್ಮ, ನನ್ನದೇ ವಯಸ್ಸು. ಅಂಗಳದಲ್ಲಿ ಹುಡುಗಿ ನಫೀಸಾ ಒಂಟಿಕಾಲಿನಲ್ಲಿ ಕುಣಿಯುತ್ತಾ ಆಡುತ್ತಿದ್ದಳು. ಅವಳು ಕಾಲು ಬದಲಿಸಿದಾಗೆಲ್ಲ ನನ್ನ ಜೀವ ಹಾರುತ್ತಿತ್ತು.

ಖದೀಜಮ್ಮ ಚಹಾ ಕೊಟ್ಟು ಎದುರು ಕೂತರು. “ಆ ಕಾಗದ ಇವಳ ಅಪ್ಪನ ಅಂಗಡಿಯಲ್ಲಿ ಉಂಟು. ನನಗೆ ಓದ್ಲಿಕ್ಕೆ ಬರುದಿಲ್ಲ. ಎಂತ ಆಗ್ತದೆ ಇವಳಿಗೆ?”

“ಎಂತ ಆಗುದಿಲ್ಲ. ಒಮ್ಮೆ ಡಾಕ್ಟ್ರಿಗೆ ತೋರಿಸಿ. ಗಂಟಲಿನ ಮಾತ್ರೆ ಕೊಟ್ರೆ ಪೂರ್ತಿ ಮುಗಿಸಿ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸ್ಬೇಡಿ.” ಯಾಕೆಂದು ತಿಳಿಯಲೆಂದು ನನ್ನ ಮಗಳ ಕಥೆ ಹೇಳಿದೆ. ಗಾಜು, ಬೆರಳು, ಕರೆಂಟಿನ ಮಾತು. ಆಕೆ ಸೆರಗು ಬಾಯಿಗೆ ಹಿಡಿದು ಕೇಳಿದರು.

“ಪಾಪ. ಅಷ್ಟು ಮಾತ್ರೆ ಮುಗಿಸಿದ ಮೇಲೂ ಹಾಗಾಯ್ತಾ ನಿಮ್ಮ ಮಗುವಿಗೆ?”

ಅದರಲ್ಲಿ ಕುಹಕವಿರಲಿಲ್ಲ. ಆಸ್ಪತ್ರೆಯವಳು ತನ್ನ ಮಗುವಿಗೆ ಸರಿಯಾಗಿಯೇ ಕೊಟ್ಟಿರುತ್ತಾಳೆಂಬ ನಂಬಿಕೆ ಮಾತ್ರ.

“ಇಲ್ಲ,” ಎಂದೆ. “ಮೂರು ದಿವಸ ಕೊಟ್ಟೆ. ಆಮೇಲೆ ನಾನೇ ನಿಲ್ಲಿಸಿದೆ.”

ಖದೀಜಮ್ಮ ನನ್ನನ್ನು ನೋಡಿದರು. ಮಗಳನ್ನು ಕರೆದರು. ಬಾಗಿಲಿನ ಬೆಳಕಿಗೆ ಅವಳ ಮುಖ ತಿರುಗಿಸಿ, ಗಲ್ಲ ಹಿಡಿದು ಬಾಯಿ ತೆರೆಸಿ, ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಜಾಗ ಬಿಟ್ಟು ಸರಿದು ನಿಂತರು. “ನೀವು ನೋಡಿ. ನಿಮಗೆ ಗೊತ್ತಾಗ್ತದೆ.”

ಬಗ್ಗಿ ನೋಡಿದೆ. ಕೆಂಪಿಲ್ಲ, ಬಾವಿಲ್ಲ, ಒಂದು ಬಿಳಿ ಚುಕ್ಕೆಯಿಲ್ಲ. ಅಷ್ಟು ಶುದ್ಧವಾದ ಗಂಟಲನ್ನು ಆ ವರ್ಷ ನಾನು ನೋಡಿರಲಿಲ್ಲ.

“ಸರಿ ಉಂಟಲ್ಲ?” ಎಂದರು ಖದೀಜಮ್ಮ, ನನ್ನ ಮುಖವನ್ನೇ ನೋಡುತ್ತಾ.

“ನನ್ನ ಮಗಳ ರಿಪೋರ್ಟಲ್ಲೂ ಶುದ್ಧ ಅಂತಲೇ ಇತ್ತು,” ಎಂದೆ. “ನಾಳೆ ಇವಳನ್ನು ಆಸ್ಪತ್ರೆಗೆ ಕರ್ಕೊಂಡು ಬನ್ನಿ.”